ಅಪ್‌ಡೇಟ್: ಫೋಮ್ ಬಾಣದ ಕಡ್ಡಿ ತೂರಿ ಬರುವುದು ನಿಂತಿತು
ಲಾರ್ಪ್ (ವೇಷ ತೊಟ್ಟು ಪಾತ್ರಗಳಾಗಿ ಆಡುವ) ಆಟದ ಫೋಮ್ ತಲೆಯ ಬಾಣದಲ್ಲಿ ಕಡ್ಡಿಯ ತುದಿ ಫೋಮ್ ಸೀಳಿ ಮುಂದಕ್ಕೆ ಬರುತ್ತಿದೆ ಎಂದು ಕೇಳಿದ್ದೆನಲ್ಲ, ಪರಿಹಾರ ಸಿಕ್ಕಿತು. ತುದಿಗೆ ಅಗಲವಾದ ಬಿಲ್ಲೆ ಕೂರಿಸಿ ಅಂದ ಸಲಹೆಯೇ ಕೆಲಸ ಮಾಡಿದ್ದು. 3 ಸೆಂ.ಮೀ. ಅಗಲದ ದಪ್ಪ ಚರ್ಮದ ಬಿಲ್ಲೆಯನ್ನು ಕಡ್ಡಿಯ ಮೊಂಡು ತುದಿಗೆ ಅಂಟಿಸಿ, ಮೇಲಿಂದ ಫೈಬರ್ ಟೇಪ್ ಅಡ್ಡಡ್ಡ ಹಾಯಿಸಿ ಕಡ್ಡಿಗೆ ಬಿಗಿದೆ. ಅದರ ಮುಂದೆ 1 ಸೆಂ.ಮೀ. ಗಟ್ಟಿ ಫೋಮ್, ಆಮೇಲೆ 5 ಸೆಂ.ಮೀ. ಮೆತ್ತನೆಯ ಸ್ಪಂಜು. ಬಾಣದ ತಲೆಯ ಅಗಲ 6 ಸೆಂ.ಮೀ. ಇಟ್ಟಿದ್ದೇನೆ, ಅದು ಯಾರ ಕಣ್ಣಿನ ಗುಳಿಗೂ ಇಳಿಯಕೂಡದು.

ಬರೀ ಗಟ್ಟಿ ಫೋಮ್ ಬಳಸುವ ಸಲಹೆ ಬೇಡವೇ ಬೇಡ. ತೂತಾಗಲಿಲ್ಲ, ಆದರೆ ಪೆಟ್ಟು ಜೋರು. ಅಚ್ಚರಿ ಅಂದ್ರೆ, ಬಾಣದ ತಲೆಗೆ ಪೂರ್ತಿ ಟೇಪ್ ಸುತ್ತಿದರೆ ಗಾಳಿ ಹೊರಹೋಗದೆ ಸ್ಪಂಜೂ ಗಟ್ಟಿಯಾಗಿ ಬಡಿಯುತ್ತದೆ. ತೆಳು ಬಟ್ಟೆ ಹೊದಿಸಿದ್ದೇ ಸರಿಹೋಯಿತು. ಮತ್ತೆ ಹೂಡುವ ಮುನ್ನ ತಲೆಯನ್ನು ಒತ್ತಿ ನೋಡಿ. ಬಿಲ್ಲೆ ಅಲುಗಾಡಿದರೆ ಆ ಬಾಣ ಪಕ್ಕಕ್ಕಿಡಿ.