ವಠಾರ ಬಿಲ್ಡರ್ ಪಾಲಾಗುತ್ತಿದೆ: ಭೋಗ್ಯದ ಹಣ ಕೈಗೆ ಬರುವ ಮೊದಲೇ ಮನೆ ಬಿಡಬೇಕೆ?

ಸಂಡಿಗೆ ಮನೆ:
ಮಲ್ಲೇಶ್ವರದ ಹಳೆಯ ವಠಾರದಲ್ಲಿ ನಾನು, ಅಮ್ಮ ಇದ್ದೇವೆ. ಆರು ಮನೆ, ಒಂದು ಸಂಪು, ಮೇಲೆ ತಾರಸಿ. ಎಂಟನೇ ಅಡ್ಡರಸ್ತೆಯ ಅಂಗಡಿಗಳಿಗೆ ಹಪ್ಪಳ, ಸಂಡಿಗೆ ಮಾಡಿಕೊಡುವುದು ನಮ್ಮ ಕಸುಬು. ಶಿವರಾತ್ರಿ ಕಳೆದು ಬಿಸಿಲೇರಿದರೆ ತಾರಸಿಯ ತುಂಬ ಹಳೆಯ ಪಂಚೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು ಅರಳು ಸಂಡಿಗೆ ಇಡುತ್ತೇವೆ. ಕಾಗೆ ಓಡಿಸುವ ಕೆಲಸ ಹಿಂದಿನ ಮನೆಯ ಅಜ್ಜಿಯದು.

ಹಿರಿಯ ಮಾಲೀಕರು ತೀರಿಕೊಂಡರು. ಮಕ್ಕಳು ಜಾಗವನ್ನು ಜಂಟಿ ಅಭಿವೃದ್ಧಿಗೆ ಬಿಲ್ಡರ್‌ಗೆ ಕೊಡುತ್ತಿದ್ದಾರೆ. ನಾವು ಆರು ಲಕ್ಷ ಕೊಟ್ಟು ಭೋಗ್ಯಕ್ಕೆ ಇದ್ದೇವೆ. ಮೂರು ವರ್ಷದ ಕರಾರು, ನೋಟರಿ ಮಾಡಿಸಿದೆ, ನೋಂದಣಿ ಆಗಿಲ್ಲ. "ಮುಂದಿನ ತಿಂಗಳು ಖಾಲಿ ಮಾಡಿ, ಬಿಲ್ಡರ್ ದುಡ್ಡು ಬಂದಾಗ ಕೊಡುತ್ತೇವೆ" ಎನ್ನುತ್ತಿದ್ದಾರೆ. ಅಜ್ಜಿಯದು ತಿಂಗಳಿಗೆ 1,900 ರೂಪಾಯಿ ಬಾಡಿಗೆ. ಅವರಿಗೆ ಮುಂಗಡವೂ ಇಲ್ಲ.

ಆರು ಲಕ್ಷಕ್ಕೆ ಈಗ ಈ ಸುತ್ತಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. 2014ರಲ್ಲಿ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣ ತೆರೆದಾಗ ಖುಷಿಪಟ್ಟವರಲ್ಲಿ ನಾವೂ ಇದ್ದೆವು! ದಾಸರಹಳ್ಳಿಯಾಚೆ ಹೋಗಿ ಎನ್ನುವವರು ದಯವಿಟ್ಟು ಹಪ್ಪಳದ ಡಬ್ಬ ಹೊತ್ತು ಬೆಳಗಿನ ಮೆಟ್ರೋ ಒಮ್ಮೆ ಹತ್ತಿ ನೋಡಿ. ನಮ್ಮ ಮುಂದೆ ಯಾವ ದಾರಿ ಇದೆ?

ಸಿವಿಲ್ ವಕೀಲ:
ಹಣ ಬ್ಯಾಂಕ್ ಖಾತೆಗೆ ಬೀಳುವ ತನಕ ಬೀಗದ ಕೈ ಕೊಡಬೇಡಿ. ಉಳಿದದ್ದೆಲ್ಲ ಆಮೇಲೆ.

ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಹಾಗಾಗಿ "ಮೂರು ವರ್ಷ" ಎಂಬ ಅವಧಿಯನ್ನು ನೆಚ್ಚಿಕೊಳ್ಳುವುದು ಕಷ್ಟ. ನಿಮ್ಮನ್ನು ತಿಂಗಳ ಬಾಡಿಗೆದಾರರೆಂದು ನೋಡಿದರೆ 15 ದಿನಗಳ ನೋಟಿಸ್ ಸಾಕಾಗುತ್ತದೆ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಬೀದಿಗೆ ಹಾಕುವಂತಿಲ್ಲ, ಕೋರ್ಟಿಗೇ ಹೋಗಬೇಕು. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಬಹುದು. ಜಾಗದ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ತಿಳಿಯಲು ಇವತ್ತೇ ಋಣಭಾರ ಪತ್ರ ತೆಗೆಸಿ.

ಅಜ್ಜಿಯ ಸ್ಥಿತಿ ನಿಮಗಿಂತ ಗಟ್ಟಿ ಇರಬಹುದು. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅಂಥವರನ್ನು ಬಿಡಿಸಲು ಕಾನೂನಿನಲ್ಲಿ ಹೇಳಿರುವ ಕಾರಣವೇ ಬೇಕು. ಬಾಡಿಗೆ ಚೀಟಿಗಳನ್ನು ಜೋಪಾನ ಮಾಡಲು ಹೇಳಿ.

ಹಳೆಮನೆ ಮಾಲೀಕ:
ಬೈಯುವ ಮುನ್ನ ನಮ್ಮ ಕಷ್ಟವನ್ನೂ ಕೇಳಿ. ಸೋರುವ ಸೂರು, ಐವರು ಪಾಲುದಾರರು, ಬರುವ ಬಾಡಿಗೆ ಸುಣ್ಣ ಬಣ್ಣಕ್ಕೂ ಸಾಲದು. ನಾವೂ ಬಿಲ್ಡರ್‌ಗೇ ಕೊಟ್ಟೆವು. ಆದರೆ ನಮ್ಮಪ್ಪ ಹಟ ಹಿಡಿದು ಒಪ್ಪಂದದಲ್ಲೇ ಒಂದು ಷರತ್ತು ಬರೆಸಿದರು: ಬಿಲ್ಡರ್ ನಮಗೆ ಕೊಡುವ ಮುಂಗಡದಲ್ಲಿ ಭೋಗ್ಯದಾರರ ಬಾಬ್ತು ಸಹಿಯ ದಿನವೇ ನೇರವಾಗಿ ಅವರ ಖಾತೆಗೆ. ಅಕ್ಕ, ನೀವೂ ಇದನ್ನೇ ಕೇಳಿ. ಒಪ್ಪಂದ ನೋಂದಣಿ ಆಗುವ ಮೊದಲೇ ಕೇಳಿ. ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಮುಂಬಯಿ ಕನ್ನಡಿಗ:
ಇಲ್ಲಿ ಸೆಸ್ (ದುರಸ್ತಿಗೆಂದು ಸರ್ಕಾರಕ್ಕೆ ಕೊಡುವ ತೆರಿಗೆ) ಕಟ್ಟುವ ಹಳೆಯ ಕಟ್ಟಡ ಕೆಡವಿ ಕಟ್ಟಿದರೆ ಅರ್ಹ ಬಾಡಿಗೆದಾರನಿಗೆ ಅದೇ ಜಾಗದಲ್ಲಿ ಕನಿಷ್ಠ 300 ಚದರ ಅಡಿಯ ಮನೆ. ಬದಲಿಗೆ ಬಿಲ್ಡರ್‌ಗೆ ಹೆಚ್ಚುವರಿ ಎಫ್‌ಎಸ್‌ಐ, ಅಂದರೆ ಅದೇ ನಿವೇಶನದಲ್ಲಿ ಹೆಚ್ಚು ಚದರ ಅಡಿ ಕಟ್ಟುವ ಅವಕಾಶ, ಸಿಗುತ್ತದೆ. ಸ್ವರ್ಗವೇನಲ್ಲ, ಹೊಸ ಮನೆ ಸಿಗುವ ತನಕ ಇರಿಸುವ ತಾತ್ಕಾಲಿಕ ವಸತಿಗಳಲ್ಲೇ (ಟ್ರಾನ್ಸಿಟ್ ಕ್ಯಾಂಪ್) ಮುದುಕರಾದವರಿದ್ದಾರೆ. ಆದರೂ ಕಾಗದದಲ್ಲಿ ಬಾಡಿಗೆದಾರನ ಹೆಸರಿದೆ. ನಿಮ್ಮಲ್ಲಿ ಹೆಚ್ಚುವರಿ ಮಹಡಿಗೆ ಅನುಮತಿ ಕೊಡುವಾಗ ಒಳಗೆ ಯಾರಿದ್ದಾರೆ ಎಂದು ಕೇಳುವವರಾದರೂ ಇದ್ದಾರೆಯೇ?

ಸಂಡಿಗೆ ಮನೆ:
ಎಲ್ಲರಿಗೂ ಧನ್ಯವಾದ. ಋಣಭಾರ ಪತ್ರಕ್ಕೆ ಅರ್ಜಿ ಹಾಕಿದೆ. ಅಜ್ಜಿ ಚೀಟಿಗಳನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾರಂತೆ, 2003ರಿಂದ ಒಂದೂ ತಪ್ಪಿಲ್ಲ. ಹಣ ಬರದೆ ಯಾರೂ ಬೀಗದ ಕೈ ಕೊಡುವುದಿಲ್ಲ ಎಂದು ಐದು ಮನೆಯವರು ಒಪ್ಪಿದ್ದಾರೆ. ಆರನೆಯವರಿಗೆ ಮಾಲೀಕರ ಕಿರಿಮಗ ಏನೋ ಆಸೆ ತೋರಿಸಿದ್ದಾನೆ, ಇರಲಿ. ಭಾನುವಾರ ಮಾತುಕತೆಗೆ ಕರೆದಿದ್ದಾರೆ. ಹಳೆಮನೆ ಮಾಲೀಕರೇ, ಆ ಷರತ್ತಿನ ಸಾಲುಗಳನ್ನು ಇದ್ದ ಹಾಗೆಯೇ ಇಲ್ಲಿ ಹಾಕುವಿರಾ?