ಬೀಟಲ್ ಇಂಜಿನ್‌ಗೆ ಕ್ರ್ಯಾಂಕ್ ಸೆನ್ಸರ್: ಏರು ಹತ್ತುವಾಗ ಕಟ್ ಆಗುತ್ತಿದೆ, ಸೆನ್ಸರ್ ಬದಲಿಸಬೇಕಾ?

ಹೊಸನಗರದ ಬೀಟಲ್:
ಎಲ್ಲರಿಗೂ ನಮಸ್ಕಾರ. ನನ್ನದು 1973ರ ಬೀಟಲ್, 1600 ಸಿಸಿ ಏರ್‌ಕೂಲ್ಡ್ ಇಂಜಿನ್. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದು ಪಾಯಿಂಟ್ ಗ್ಯಾಪ್ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ಲೆಕ್ಕ ಹಾಕುವ ಸ್ಪೀಡ್ಯೂನೋ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿಸಿದೆ. ಇಗ್ನಿಷನ್ ಮಾತ್ರ, ಕಾರ್ಬ್ಯುರೇಟರ್ ಹಳೆಯದೇ. ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು 36-1 ಹಲ್ಲಿನ (36 ಹಲ್ಲಿನ ಜಾಗದಲ್ಲಿ ಗುರುತಿಗೆ ಒಂದು ಬಿಟ್ಟ) ಚಕ್ರವನ್ನು ಕ್ರ್ಯಾಂಕ್ ಪುಲ್ಲಿಗೆ ವೆಲ್ಡ್ ಮಾಡಿದರು. ಆ ಹಲ್ಲು ನೋಡಿ ಕ್ರ್ಯಾಂಕ್ ಎಲ್ಲಿದೆ ಅಂತ ಬೋರ್ಡಿಗೆ ತಿಳಿಸುವ ಎರಡು ವೈರಿನ ವಿಆರ್ ಸೆನ್ಸರನ್ನು ಪುಲ್ಲಿ ಹಿಂದಿನ ತಗಡಿಗೆ ಕಟ್ಟಿಕೊಟ್ಟರು.

ಸ್ಟಾರ್ಟ್ ಒಂದೇ ಸಲಕ್ಕೆ. ಐಡ್ಲಿಂಗ್ ಮೊದಲಿಗಿಂತ ಚೆಂದ. ಆದರೆ ಹುಲಿಕಲ್ ಘಾಟಿ ಹತ್ತುವಾಗ ಸೆಕೆಂಡ್ ಗೇರಿನಲ್ಲಿ 3000 ಆರ್‌ಪಿಎಂ ದಾಟಿತೋ, ಯಾರೋ ಕೀ ಆಫ್ ಮಾಡಿದ ಹಾಗೆ ಕಟ್ ಆಗುತ್ತದೆ, ತಕ್ಷಣ ಮತ್ತೆ ಹಿಡಿಯುತ್ತದೆ. ಹಿಂದೆ ಬಸ್ಸಿದ್ದರೆ ಕೇಳುವುದೇ ಬೇಡ. ಲ್ಯಾಪ್‌ಟಾಪಿನಲ್ಲಿ ಸಿಂಕ್ ಲಾಸ್ (ಬೋರ್ಡಿಗೆ ಹಲ್ಲಿನ ಲೆಕ್ಕ ತಪ್ಪಿದ್ದು) ಎಷ್ಟು ಸಲ ಅನ್ನುವ ಸಂಖ್ಯೆ ಏರುತ್ತಾ ಹೋಗುತ್ತದೆ. ಎಲೆಕ್ಟ್ರಿಷಿಯನ್ ಸೆನ್ಸರೇ ಕೆಟ್ಟಿದೆ, ಬೇರೆ ತರಿಸಿ ಅಂತಾರೆ. ಹೌದಾ?

ಭದ್ರಾವತಿ ಲೇತ್:
ಸೆನ್ಸರ್ ತರಿಸಬೇಡಿ ಮಾರಾಯ್ರೆ, ದುಡ್ಡು ದಂಡ. ವಿಆರ್ ಸೆನ್ಸರ್ ಅಂದರೆ ಆಯಸ್ಕಾಂತ, ಅದರ ಸುತ್ತ ಕಾಯಿಲ್, ಅಷ್ಟೇ. ಹಲ್ಲು ಜೋರಾಗಿ ದಾಟಿದಷ್ಟೂ ವೋಲ್ಟೇಜ್ ಜಾಸ್ತಿ. ಅದಕ್ಕೆ ಕಷ್ಟದ ಹೊತ್ತು ಸ್ಟಾರ್ಟ್ ಮಾಡುವಾಗಲೇ. ಅಲ್ಲಿ ಪಾಸಾಗಿದೆ ಅಂದರೆ ಸೆನ್ಸರ್ ಸರಿಯಾಗಿದೆ.

ನನ್ನ ಅನುಮಾನ ಆ ತಗಡಿನ ಮೇಲೆ. ಅದು ಇರುವುದು ಗಾಳಿಗೆ ದಾರಿ ತೋರಿಸಲಿಕ್ಕೆ, ಭಾರ ಹೊರಲಿಕ್ಕಲ್ಲ. ಇಂಜಿನ್ ಒಂದು ತರ ಅದುರುತ್ತದೆ, ತಗಡು ಇನ್ನೊಂದು ತರ. 3000ದಲ್ಲಿ ಸೆಕೆಂಡಿಗೆ 50 ಸುತ್ತು, ಹತ್ತಿರ ಹತ್ತಿರ 1800 ಹಲ್ಲು. ಒಂದು ಹಲ್ಲಿಗೂ ಮುಂದಿನದಕ್ಕೂ ನಡುವೆ ಸಿಗುವ ಹೊತ್ತು ಅರ್ಧ ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಈ ಅಂತರ ಹಿಂದಿನ ಅಂತರದ ಒಂದೂವರೆ ಪಟ್ಟು ದಾಟಿದರೆ ಬೋರ್ಡ್ ಅದನ್ನೇ ಬಿಟ್ಟ ಹಲ್ಲು ಅಂತ ತಿಳಿಯುತ್ತದೆ. ಸೆನ್ಸರ್ ಕುಣಿದರೆ ಇಲ್ಲದ ಜಾಗದಲ್ಲಿ ಬಿಟ್ಟ ಹಲ್ಲು ಕಾಣುತ್ತದೆ. ಸಿಂಕ್ ಹೋಯಿತು, ಸ್ಪಾರ್ಕ್ ನಿಂತಿತು.

ಬ್ರಾಕೆಟ್ಟನ್ನು ಕ್ರ್ಯಾಂಕ್‌ಕೇಸಿಗೇ ಕಟ್ಟಬೇಕು. 6 ಎಂಎಂ ಪ್ಲೇಟ್ ತಗೊಳ್ಳಿ. ಪುಲ್ಲಿ ಕೆಳಗೆ, ಕೇಸಿನ ಎರಡು ಭಾಗ ಸೇರುವ 8 ಎಂಎಂ ಸ್ಟಡ್‌ಗಳಿವೆಯಲ್ಲ, ಎರಡನ್ನು ಹಿಡಿದುಕೊಳ್ಳಿ. ಆಯಿಲ್ ಪಂಪ್ ಮುಚ್ಚಳ ಮುಟ್ಟಬೇಡಿ, ಆಮೇಲೆ ಆಯಿಲ್ ಸೋರುತ್ತದೆ. ಕೇಸು ಮೆಗ್ನೀಷಿಯಂ, ಟಾರ್ಕ್ 20 ನ್ಯೂಟನ್ ಮೀಟರ್ ಸಾಕು. ಪೈಪ್ ಹಾಕಿ ಎಳೆದರೆ ಸ್ಟಡ್ ಥ್ರೆಡ್ ಸಮೇತ ಕೈಗೆ ಬರುತ್ತದೆ.

ಇನ್ನೊಂದು, ವೆಲ್ಡ್ ಮಾಡಿದ ಚಕ್ರ ಸೊಟ್ಟ ಆಗಿರುವುದೇ ಜಾಸ್ತಿ. ಡಯಲ್ ಗೇಜ್ ಹಿಡಿದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಮುಳ್ಳು 0.1 ಎಂಎಂ ಒಳಗೆ ಆಡಬೇಕು. ಸೆನ್ಸರಿಗೂ ಹಲ್ಲಿಗೂ ಗ್ಯಾಪ್ 0.8 ಎಂಎಂ ಸುತ್ತಮುತ್ತ ಇಡಿ. ಸೆನ್ಸರ್ ತುದಿಯನ್ನೂ ಒರೆಸಿ. ಗ್ರೈಂಡಿಂಗ್ ಮಾಡಿದ ಕಬ್ಬಿಣದ ಪುಡಿ ಆಯಸ್ಕಾಂತಕ್ಕೆ ಗಡ್ಡದ ಹಾಗೆ ಅಂಟಿರುತ್ತದೆ. ಬಟ್ಟೆಗೆ ಬರುವುದಿಲ್ಲ, ಟೇಪ್ ಅಂಟಿಸಿ ಕೀಳಬೇಕು.

ಸಾಗರ 1600:
ಬ್ರಾಕೆಟ್ ವಿಷಯ ಸರಿ. ಅದರ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಸ್ಪಾರ್ಕ್ ಟೈಮಿಂಗ್ 10 ಡಿಗ್ರಿಗೆ ಫಿಕ್ಸ್ ಮಾಡಿ, ಟೈಮಿಂಗ್ ಲೈಟ್ (ಸ್ಪಾರ್ಕ್ ಬಂದಾಗಲೆಲ್ಲ ಮಿಂಚುವ ದೀಪ) ಪುಲ್ಲಿಗೆ ಹಿಡಿದು ಆಕ್ಸಿಲರೇಟರ್ ಕೊಡಿ. ಪುಲ್ಲಿ ಗುರುತು ಕೇಸಿನ ಜೋಡಣೆ ಗೆರೆಯ ಎದುರು ಒಂದೇ ಕಡೆ ನಿಲ್ಲಬೇಕು. ಆರ್‌ಪಿಎಂ ಏರಿದ ಹಾಗೆ ನಿಧಾನಕ್ಕೆ ಜಾರಿದರೆ ಸೆನ್ಸರಿನ ಎರಡು ವೈರ್ ಅದಲುಬದಲಾಗಿವೆ. ಗುರುತು ಜಾರದೆ ಪಟಪಟ ನಡುಗಿದರೆ ಲೇತ್ ಅಣ್ಣ ಹೇಳಿದ್ದೇ.

ಸೆನ್ಸರ್ ವೈರ್ ಶೀಲ್ಡ್ ಇರುವುದು ಹಾಕಿದ್ದಾರಾ? ಶೀಲ್ಡನ್ನು ಬೋರ್ಡ್ ಕಡೆ ಮಾತ್ರ ಅರ್ತ್ ಮಾಡಬೇಕು. ಪ್ಲಗ್ ವೈರಿನ ಪಕ್ಕ ಎಳೆಯಬಾರದು. ಪ್ಲಗ್ ರೆಸಿಸ್ಟರ್ ಇರುವುದೇ ಆಗಬೇಕು. ಕನೆಕ್ಟರ್‌ಗೆ ಗ್ರೀಸ್ ತುಂಬಿ, ನಮ್ಮ ಕಡೆ ಜುಲೈ ತಿಂಗಳಲ್ಲಿ ಹಿತ್ತಾಳೆಯೂ ಹಸಿರಾಗುತ್ತದೆ.

ತೀರ್ಥಹಳ್ಳಿ ರಸ್ತೆ:
ಸುಮ್ನೆ ಡಿಸ್ಟ್ರಿಬ್ಯೂಟರಿಗೆ ಹೊಸ ಬುಷ್ ಹೊಡೆಸಿದ್ದರೆ ಆಗ್ತಿತ್ತಲ್ವಾ? ಈ ಬೋರ್ಡ್ ಆಗುಂಬೆ ಘಾಟಿಯ 14 ತಿರುವಿನಲ್ಲಿ ಎಲ್ಲಾದರೂ ಕೈಕೊಟ್ಟರೆ ಯಾರು ರಿಪೇರಿ ಮಾಡ್ತಾರೆ?

ಭದ್ರಾವತಿ ಲೇತ್:
ಬುಷ್ ಹೊಡೆಸಬಹುದಿತ್ತು, ನಾನೇ ಹೊಡೆದುಕೊಡುತ್ತಿದ್ದೆ. ಆದರೆ ಅವರು ದುಡ್ಡು ಹಾಕಿ ಆಗಿದೆ. ಹಳೆಯ ಡಿಸ್ಟ್ರಿಬ್ಯೂಟರಿಗೆ ಬುಷ್ ಹಾಕಿಸಿ, ಕಾಯಿಲ್ ಸಮೇತ ಡಿಕ್ಕಿಯಲ್ಲಿ ಇಟ್ಟುಕೊಳ್ಳಲಿ. ಬೀಟಲ್ ಡಿಕ್ಕಿ ಮುಂದೆ ಇರುವುದರಿಂದ ಇಂಜಿನ್ ಬಿಸಿಯೂ ತಾಗುವುದಿಲ್ಲ.

ಹೊಸನಗರದ ಬೀಟಲ್:
ಇಬ್ಬರಿಗೂ ಥ್ಯಾಂಕ್ಸ್. ಟೈಮಿಂಗ್ ಲೈಟಿನಲ್ಲಿ ಗುರುತು ಜಾರಲಿಲ್ಲ, ನಡುಗಿತು. ಡಯಲ್ ಗೇಜಿನಲ್ಲಿ ಚಕ್ರ 0.4 ಎಂಎಂ ಸೊಟ್ಟ. ಶಿವಮೊಗ್ಗದಲ್ಲಿ ಬೇರೆ ಪುಲ್ಲಿಗೆ ಲೇತಿನಲ್ಲಿ ಮೆಟ್ಟಿಲು ತೆಗೆಸಿ, ಹೊಸ ಚಕ್ರವನ್ನು ಬೋಲ್ಟಿನಲ್ಲಿ ಕೂರಿಸಿದೆವು. ಬ್ರಾಕೆಟ್ ಈಗ ಕೇಸಿಗೆ. 4000ದವರೆಗೂ ಸಿಂಕ್ ಲಾಸ್ ಸೊನ್ನೆ.

ಒಂದು ಸಂಶಯ ಉಳಿದಿದೆ. ಕ್ಲಚ್ ತುಳಿದಾಗ ಪುಲ್ಲಿ ಚೂರು ಹಿಂದೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಗ್ಯಾಪ್ ಇದರಿಂದ ಬದಲಾಗುವುದಿಲ್ಲವಾ?

ಭದ್ರಾವತಿ ಲೇತ್:
ಸೆನ್ಸರ್ ಹಲ್ಲಿನ ನೆತ್ತಿಗೆ ಎದುರಾಗಿದ್ದರೆ ಗ್ಯಾಪ್ ಬದಲಾಗುವುದಿಲ್ಲ. ಆದರೆ ಕಣ್ಣಿಗೆ ಕಾಣುವಷ್ಟು ಸರಿದರೆ ಅದು ಸೆನ್ಸರ್ ವಿಷಯವೇ ಅಲ್ಲ. ಕ್ರ್ಯಾಂಕ್ ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಸಡಿಲ, 0.07ರಿಂದ 0.13 ಎಂಎಂ ಇರಬೇಕು, 0.15 ದಾಟಬಾರದು. ಅದೇ ಡಯಲ್ ಗೇಜನ್ನು ಪುಲ್ಲಿ ಮುಖಕ್ಕೆ ಹಿಡಿದು ಅಳೆದು ಇಲ್ಲಿ ಹಾಕಿ. ಅಲ್ಲಿಯವರೆಗೆ ಘಾಟಿ ಕಡೆ ಹೋಗಬೇಡಿ.