ಇಂಡಕ್ಷನ್, ಗೀಸರ್ ಒಟ್ಟಿಗೆ ಹಾಕಿದ್ರೆ ಎಂಸಿಬಿ ಬೀಳುತ್ತೆ, 32 ಆಂಪ್ ಹಾಕಿಸಬಹುದಾ?

ಬಾಡಿಗೆ_ಮನೆ:
ಅಡುಗೆಮನೆಯಲ್ಲಿ 2000 ವ್ಯಾಟ್ ಇಂಡಕ್ಷನ್, ಬಚ್ಚಲಲ್ಲಿ 3000 ವ್ಯಾಟ್ ಇನ್‌ಸ್ಟಂಟ್ ಗೀಸರ್. ಎರಡಕ್ಕೂ ಸೇರಿ ಒಂದೇ ಸಿ16 ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ 16 ಆಂಪ್ ಸ್ವಿಚ್). ಒಟ್ಟಿಗೆ ಓಡಿಸಿದರೆ ಸ್ವಲ್ಪ ಹೊತ್ತಿಗೆ ಟ್ರಿಪ್ ಆಗುತ್ತೆ. ಇಂಡಕ್ಷನ್ ಸಾಕೆಟ್‌ನ ಒಂದು ತೂತಿನ ಸುತ್ತ ಕಂದುಗಟ್ಟಿದೆ. 32 ಆಂಪ್ ಹಾಕಿದರೆ ಸರಿಹೋಗುತ್ತೆ ಅಂತಾರೆ ಎಲೆಕ್ಟ್ರಿಷಿಯನ್.

ವೈರ್‌ಮ್ಯಾನ್:
ಬೇಡವೇ ಬೇಡ. 230 ವೋಲ್ಟ್‌ಗೆ ಇಂಡಕ್ಷನ್ 8.7 ಆಂಪ್, ಗೀಸರ್ 13, ಒಟ್ಟು 21.7. ಶಾರ್ಟ್ ಆಗಿದ್ದರೆ ಎಂಸಿಬಿ ತಕ್ಷಣ ಬೀಳುತ್ತಿತ್ತು. ಬಿಸಿಯಾಗಿ ನಿಧಾನಕ್ಕೆ ಬೀಳ್ತಿದೆ ಅಂದ್ರೆ ಓವರ್‌ಲೋಡ್, ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಎಂಸಿಬಿ ಇರೋದು ಗೋಡೆಯೊಳಗಿನ ವೈರ್ ಕಾಯೋಕೆ. 32 ಹಾಕಿದರೆ ಎಂಸಿಬಿ ಸುಮ್ಮನಿರುತ್ತೆ, ವೈರ್ ಬೇಯುತ್ತೆ.
ಮೇನ್ ಆಫ್ ಮಾಡಿಸಿ, ವೈರ್ ಮೇಲೆ ಏನು ಅಚ್ಚಾಗಿದೆ ನೋಡಿಸಿ. 2.5 ಚದರ ಮಿ.ಮೀ. ತಾಮ್ರವಾದರೆ ಸಿ16 ಸರಿ. 1.5 ಇದ್ದರೆ ಈಗಿರೋದೇ ಹೆಚ್ಚು, 10ಕ್ಕೆ ಇಳಿಸಬೇಕು. ಆಗ ಇಂಡಕ್ಷನ್ ಒಂದೇ ನಡೆಯುತ್ತೆ, ಈ ಗೀಸರ್ ಆ ಲೈನಿಗೆ ಆಗಲ್ಲ.

ಟಾಂಗ್‌ಟೆಸ್ಟರ್:
ಕಂದು ಕಲೆಯ ಕಥೆ ಬೇರೆ, ಅದನ್ನ ಎಂಸಿಬಿ ಕಂಡುಹಿಡಿಯಲ್ಲ. ಸ್ಕ್ರೂ ಸಡಿಲವಾಗಿದ್ದರೆ ಅಥವಾ ಒಳಗಿನ ಹಿತ್ತಾಳೆ ಹಿಡಿತ ಸತ್ತಿದ್ದರೆ 8 ಆಂಪ್‌ಗೇ ಅಲ್ಲಿ ಸುಡುತ್ತೆ. ಸ್ಕ್ರೂ ಬಿಗಿ ಮಾಡಿ ಬಿಟ್ಟರೆ ಸಾಲದು. ಸಾಕೆಟ್ ಬದಲಿಸಿ, ಕಪ್ಪಾದ ತುದಿಯನ್ನ ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ ಜೋಡಿಸಬೇಕು. ಪ್ಲಗ್ ಪಿನ್ ಕೂಡ ಕಪ್ಪಾಗಿದ್ದರೆ ಅದನ್ನೂ ತೆಗೀರಿ, ಇಲ್ಲದಿದ್ದರೆ ಹೊಸ ಸಾಕೆಟ್ಟನ್ನೂ ಅದೇ ಹಾಳುಮಾಡುತ್ತೆ. 16 ಆಂಪ್ ಪಿನ್ನನ್ನ 6 ಆಂಪ್‌ಗೆ ಇಳಿಸೋ ಅಡಾಪ್ಟರ್ ಮಾತ್ರ ಮನೆಯೊಳಗೆ ತರಬೇಡಿ.

ಬಾಡಿಗೆ_ಮನೆ:
ವೈರ್ 2.5. ಗೋಡೆ ಒಡೆಯೋಕೆ ಮಾಲೀಕರು ಒಪ್ಪಲ್ಲ.

ವೈರ್‌ಮ್ಯಾನ್:
ಒಡೆಯೋದೇ ಬೇಡ. ಡಿಬಿಯಿಂದ (ಎಂಸಿಬಿಗಳಿರೋ ಡಬ್ಬಿ) ಗೀಸರಿಗೆ ಗೋಡೆ ಮೇಲೇ ಪಿವಿಸಿ ಕೇಸಿಂಗ್‌ನಲ್ಲಿ ಬೇರೆ ಲೈನ್: ಫೇಸ್, ನ್ಯೂಟ್ರಲ್, ಅರ್ತ್ ಮೂರೂ 4 ಚದರ ಮಿ.ಮೀ., ಸಿ20 ಎಂಸಿಬಿ, ಬಚ್ಚಲ ಹೊರಗೆ 20 ಆಂಪ್ ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯೋದು). ಡಿಬಿಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇಲ್ಲದಿದ್ದರೆ ಇದೇ ಕೈಯಲ್ಲಿ ಹಾಕಿಸಿ. ಬಿಲ್‌ನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಅಂತಿದ್ದರೆ ಹೆಚ್ಚಿಸೋಕೆ ಮಾಲೀಕರೇ ಅರ್ಜಿ ಹಾಕಬೇಕು. ಅಲ್ಲಿವರೆಗೆ ಎರಡರಲ್ಲಿ ಒಂದೇ ಓಡಿಸಿ.